ನಡೆಯದ ಪಂದ್ಯಗಳ ಲೆಕ್ಕ

ಪುಣೆಯ ನಮ್ಮ ಫ್ಲ್ಯಾಟಿನಲ್ಲಿ ಶನಿವಾರ ರಾತ್ರಿ ನಾಲ್ಕೈದು ಮಂದಿ ಕನ್ನಡದ ಗೆಳೆಯರು ಸೇರುವ ರೂಢಿ. ಊಟಕ್ಕೆ ರೊಟ್ಟಿಯೋ ಚಿತ್ರಾನ್ನವೋ ಎನ್ನುವುದರಿಂದ ಹಿಡಿದು, ವಿಶ್ವನಾಥ್ ದೊಡ್ಡವರೋ ಗಾವಸ್ಕರ್ ದೊಡ್ಡವರೋ ಎನ್ನುವವರೆಗೆ ಎಲ್ಲದಕ್ಕೂ ಜಗಳ. ಒಂದು ರಾತ್ರಿ ಯಾರೋ ಟೀವಿಯಲ್ಲಿ ಹಳೆಯ ಬಾಕ್ಸಿಂಗ್ ಪಂದ್ಯವೊಂದನ್ನು ಹಾಕಿದರು. ಮಾತು ಅತ್ತ ಹೊರಳಿತು. ಎಲ್ಲ ಕಾಲದ ಅತಿ ದೊಡ್ಡ ಬಾಕ್ಸರ್ ಯಾರು?

"ಅಲಿ ಅಂದ್ರೆ ಅಲಿ ಕಣಯ್ಯಾ, ಇದ್ರಲ್ಲಿ ಕೇಳೋದೇನಿದೆ?" ಎಂದ ಮೈಸೂರಿನವನು.

ಧಾರವಾಡದ ಗೆಳೆಯ ವೃತ್ತಿಯಿಂದ ಡೇಟಾ ಅನಾಲಿಸ್ಟ್. ಅವನಿಗೆ ಬರೀ ಅಭಿಮಾನದ ಮಾತು ಹಿಡಿಸುವುದಿಲ್ಲ. "ಲೇ, ನಿಮ್ಮ ಅಲಿ ಐದು ಸಲ ಸೋತಾನ. ಮಾರ್ಸಿಯಾನೊ ನಲವತ್ತೊಂಬತ್ತು ಆಡಿದ, ನಲವತ್ತೊಂಬತ್ತೂ ಗೆದ್ದ. ಇನ್ನೇನ್ ಬೇಕೋ ನಿನಗ?" ಎಂದವನೇ ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ಶೀಟ್ ಹಾಕಿ ಕೂತ. ಆಡಿದ ಪಂದ್ಯ, ಗೆಲುವು, ಸೋಲು, ನಾಕೌಟ್, ಪಟ್ಟ ಉಳಿಸಿಕೊಂಡ ಸಲ — ಹೀಗೆ ಒಂದೊಂದಕ್ಕೂ ಒಂದು ಕಾಲಮ್. "ಫಾರ್ಮುಲಾ ಹಾಕಿದ್ರ ಮುಗೀತು. ಯಾರ ಮುಲಾಜೂ ಇಲ್ಲ."

ಅವನಿಗೆ ಗೊತ್ತಿರಲಿಲ್ಲ, ಇದೇ ಕೆಲಸವನ್ನು ಅವನಿಗಿಂತ ಬಹಳ ಮುಂಚೆ ಒಬ್ಬ ಮಾಡಿದ್ದ. ಯಾರ ಮುಲಾಜೂ ಇಲ್ಲದ ಯಂತ್ರದ ಕೈಯಲ್ಲೇ ಮಾಡಿಸಿದ್ದ.

ಆತ ಅಮೆರಿಕದ ಮಯಾಮಿಯ ರೇಡಿಯೋ ನಿರ್ಮಾಪಕ ಮರೆ ವೊರೋನರ್. 1967ರಲ್ಲಿ ಅವನು ಹದಿನಾರು ಮಂದಿ ಹೆವಿವೇಟ್ ಚಾಂಪಿಯನ್ನರನ್ನು ಆರಿಸಿಕೊಂಡು ಅವರ ನಡುವೆ ಕಾಲ್ಪನಿಕ ಟೂರ್ನಮೆಂಟ್ ಒಂದನ್ನು ಏರ್ಪಡಿಸಿದ. ಬಾಕ್ಸಿಂಗ್ ಬಲ್ಲ 250 ಮಂದಿ ಬರಹಗಾರರು ಮತ್ತು ತಜ್ಞರ ಅಭಿಪ್ರಾಯ ಕೇಳಿದ. ಒಬ್ಬೊಬ್ಬ ಬಾಕ್ಸರನ ಬಲಾಬಲಗಳ ವಿವರಗಳನ್ನು ಎನ್‌ಸಿಆರ್ 315 ಎಂಬ ಕಂಪ್ಯೂಟರಿಗೆ ಉಣಿಸಿದ. ಯಂತ್ರ ಕೊಟ್ಟ ಫಲಿತಾಂಶಗಳನ್ನು ಕಾಮೆಂಟರಿ, ಜನರ ಕೂಗು ಎಲ್ಲ ಸೇರಿಸಿ ರೇಡಿಯೋದಲ್ಲಿ ನಿಜವಾದ ಪಂದ್ಯಗಳಂತೆ ಪ್ರಸಾರ ಮಾಡಿದ. ಸತ್ತವರು, ಮುದುಕರಾದವರು, ಹರೆಯದವರು ಎಲ್ಲರೂ ತಮ್ಮ ತಮ್ಮ ಉಚ್ಛ್ರಾಯದ ವಯಸ್ಸಿನಲ್ಲಿ ಎದುರುಬದುರಾದರು. ಫೈನಲ್‌ನಲ್ಲಿ ರಾಕಿ ಮಾರ್ಸಿಯಾನೊ ಜಾಕ್ ಡೆಂಪ್ಸಿಯನ್ನು ಸೋಲಿಸಿದ.

ಮುಹಮ್ಮದ್ ಅಲಿ? ಅವನು ಕ್ವಾರ್ಟರ್ ಫೈನಲ್‌ನಲ್ಲೇ ಜಿಮ್ ಜೆಫ್ರೀಸ್ ಎಂಬವನಿಗೆ ಸೋತ ಎಂದಿತು ಯಂತ್ರ. ಅಲಿ ಕೆರಳಿದ. ತನ್ನ ಹೆಸರಿಗೆ ಮಸಿ ಬಳಿದಿದ್ದಾರೆಂದು ಹತ್ತು ಲಕ್ಷ ಡಾಲರಿಗೆ ಮಾನನಷ್ಟ ಮೊಕದ್ದಮೆ ಹೂಡಿದ. ಕೊನೆಗೆ ರಾಜಿಯಾಯಿತು: ಅಲಿಗೆ 10,000 ಡಾಲರ್ ಮತ್ತು ಲಾಭದಲ್ಲಿ ಒಂದಿಷ್ಟು ಪಾಲು, ಬದಲಿಗೆ ಅವನು ಮಾರ್ಸಿಯಾನೊ ಜೊತೆ ಕ್ಯಾಮೆರಾ ಎದುರು ನಟಿಸಬೇಕು. ಕಂಪ್ಯೂಟರ್ ಹೇಳಿದಂತೆ ಆ ದೃಶ್ಯಗಳನ್ನು ಜೋಡಿಸಿ ಸಿನಿಮಾ ಮಾಡುವುದು.

1969ರ ಬೇಸಿಗೆಯಲ್ಲಿ ಮಯಾಮಿಯ ಒಂದು ಸ್ಟುಡಿಯೋದಲ್ಲಿ, ಪ್ರೇಕ್ಷಕರಿಲ್ಲದ ರಿಂಗಿನಲ್ಲಿ, ಇಬ್ಬರೂ ಒಂದೊಂದು ನಿಮಿಷದ ಎಪ್ಪತ್ತಕ್ಕೂ ಹೆಚ್ಚು ಸುತ್ತುಗಳನ್ನು ಆಡಿದರು. ಮಾರ್ಸಿಯಾನೊಗೆ ಆಗ 45 ವರ್ಷ. ನಿವೃತ್ತನಾಗಿ ಹದಿಮೂರು ವರ್ಷವಾಗಿತ್ತು. ಈ ಚಿತ್ರಕ್ಕಾಗಿ ಸುಮಾರು ಇಪ್ಪತ್ತು ಕಿಲೋ ತೂಕ ಇಳಿಸಿ, ಬೋಳು ತಲೆಗೆ ಕೃತಕ ಕೂದಲು ಅಂಟಿಸಿಕೊಂಡು ಬಂದಿದ್ದ. ಅಂತ್ಯವನ್ನು ಬೇರೆ ಬೇರೆ ರೀತಿಯಲ್ಲಿ ಚಿತ್ರೀಕರಿಸಿದ್ದರಿಂದ ಯಾರು ಗೆದ್ದರೆಂಬುದು ಆಡಿದವರಿಗೂ ತಿಳಿಯಲಿಲ್ಲ. ಮಾರ್ಸಿಯಾನೊಗೆ ಅದು ಕೊನೆಗೂ ತಿಳಿಯಲಿಲ್ಲ. ಆಗಸ್ಟ್ 31ರಂದು, 46ನೇ ಹುಟ್ಟುಹಬ್ಬದ ಹಿಂದಿನ ದಿನ, ಅಯೋವಾದಲ್ಲಿ ಸಣ್ಣ ವಿಮಾನವೊಂದು ಉರುಳಿ ಅವನು ತೀರಿಕೊಂಡ. 1970ರ ಜನವರಿ 20ರಂದು ಚಿತ್ರಮಂದಿರಗಳಲ್ಲಿ ಕೂತ ಜನ, ಸತ್ತುಹೋಗಿದ್ದ ಮಾರ್ಸಿಯಾನೊ ಹದಿಮೂರನೇ ಸುತ್ತಿನಲ್ಲಿ ಅಲಿಯನ್ನು ಕೆಡವುವುದನ್ನು ನೋಡಿದರು.

ಈ ಕತೆಯನ್ನು ಸಾಮಾನ್ಯವಾಗಿ ಒಂದು ತಮಾಷೆಯ ಪ್ರಸಂಗವೆಂದೇ ಹೇಳುವುದುಂಟು. ನನಗೆ ಮಾತ್ರ ಅದರಲ್ಲಿ ಬೇರೊಂದು ಸಂಗತಿ ಕಾಣುತ್ತದೆ. 27ರ ಹರೆಯದ, ಯಾರಿಗೂ ಸೋಲದ ಹೆವಿವೇಟ್ ಬಾಕ್ಸರನೊಬ್ಬನಿಗೆ ಸ್ಟುಡಿಯೋದಲ್ಲಿ ಸುಳ್ಳು ಕಾದಾಟ ಆಡುವಷ್ಟು ಪುರುಸೊತ್ತು ಹೇಗೆ ಸಿಕ್ಕಿತು? ಅವನಿಗೆ ನಿಜವಾದ ಪಂದ್ಯ ಆಡಲು ಬಿಡುತ್ತಿರಲಿಲ್ಲ, ಅದಕ್ಕೆ. 1967ರ ಏಪ್ರಿಲ್ 28ರಂದು ವಿಯೆಟ್ನಾಂ ಯುದ್ಧದ ಕಾಲದ ಸೇನಾ ಭರ್ತಿಗೆ ಅಲಿ ಒಲ್ಲೆನೆಂದ. ಕೂಡಲೇ ಅವನ ಪರವಾನಗಿ ಹೋಯಿತು, ಪಟ್ಟ ಹೋಯಿತು. ಮತ್ತೆ ಅವನು ರಿಂಗಿಗೆ ಇಳಿದದ್ದು 1970ರ ಅಕ್ಟೋಬರ್ 26ರಂದು, ಅಟ್ಲಾಂಟದಲ್ಲಿ. ಬಾಕ್ಸರನ ಮೈ ಅತ್ಯುತ್ತಮವಾಗಿರುವ 25ರಿಂದ 28ರವರೆಗಿನ ವಯಸ್ಸು ಹಾಗೇ ಕಳೆದುಹೋಯಿತು. ಆ ಮೂರೂವರೆ ವರ್ಷದಲ್ಲಿ ಅವನು ಆಡಿದ್ದು ಒಂದೇ ದೊಡ್ಡ 'ಪಂದ್ಯ'. ಅದೂ ಯಂತ್ರ ಬರೆದ ಪಂದ್ಯ. ನಡೆಯಬೇಕಿದ್ದ ಪಂದ್ಯಗಳು ನಡೆಯಲಿಲ್ಲ ಎಂಬುದನ್ನು ಹೇಳುವ ಕಾಲಮ್ ಆ ಕಂಪ್ಯೂಟರಿನಲ್ಲೂ ಇರಲಿಲ್ಲ, ನನ್ನ ಗೆಳೆಯನ ಶೀಟಿನಲ್ಲೂ ಇಲ್ಲ.

ನಡೆದ ಪಂದ್ಯಗಳ ಅಂಕಿಅಂಶವಾದರೂ ನೆಚ್ಚುವಂಥದ್ದೇ ಎಂದು ಮೊದಲು ನೋಡೋಣ.

ಮಾರ್ಸಿಯಾನೊನ 49-0 ಸುಳ್ಳಲ್ಲ. ಅವುಗಳಲ್ಲಿ 43 ನಾಕೌಟ್. ಆದರೆ ಅವನು 1951ರಲ್ಲಿ ಜೋ ಲೂಯಿಸನನ್ನು ಕೆಡವಿದಾಗ ಲೂಯಿಸನಿಗೆ 37 ವರ್ಷ. ಪಟ್ಟ ಬಿಟ್ಟುಕೊಟ್ಟು ಹೋಗಿ, ತೆರಿಗೆ ಸಾಲ ತೀರಿಸಲು ಮರಳಿ ಬಂದಿದ್ದ. 1952ರಲ್ಲಿ ಪಟ್ಟ ಕಿತ್ತುಕೊಂಡದ್ದು 38ರ ಜೆರ್ಸಿ ಜೋ ವಾಲ್‌ಕಾಟನಿಂದ. 1955ರ ಕೊನೆಯ ಪಂದ್ಯದಲ್ಲಿ ಎದುರಿದ್ದ ಆರ್ಚಿ ಮೂರನಿಗೂ ಕನಿಷ್ಠ 38. ಇದು ಮಾರ್ಸಿಯಾನೊನ ತಪ್ಪಲ್ಲ, ಎದುರಿಗೆ ಬಂದವರನ್ನೆಲ್ಲ ಅವನು ಸೋಲಿಸಿದ. ಆದರೂ ಸೊನ್ನೆ ಎಂಬ ಅಂಕಿ ಎದುರಾಳಿಯ ವಯಸ್ಸು ಹೇಳುವುದಿಲ್ಲ. ನಮ್ಮ ಕಾಲದ ಫ್ಲಾಯ್ಡ್ ಮೇವೆದರ್ 50-0 ಮಾಡಿಕೊಂಡ. ಆ ಐವತ್ತನೆಯವನು ಕಾನರ್ ಮೆಕ್‌ಗ್ರೆಗರ್, ಅದಕ್ಕೆ ಮುಂಚೆ ವೃತ್ತಿಪರ ಬಾಕ್ಸಿಂಗ್ ಪಂದ್ಯ ಒಂದನ್ನೂ ಆಡಿರದವನು.

ಹಳೆಯ ಕಾಲಕ್ಕೆ ಹೋದರೆ ಲೆಕ್ಕವೇ ಬೇರೆ. ಪಿಟ್ಸ್‌ಬರ್ಗಿನ ಹ್ಯಾರಿ ಗ್ರೆಬ್ 1913ರಿಂದ 1926ರ ನಡುವೆ ಸುಮಾರು 300 ಪಂದ್ಯ ಆಡಿದ. 1919 ಒಂದೇ ವರ್ಷದಲ್ಲಿ ನಲವತ್ತಕ್ಕೂ ಹೆಚ್ಚು. ಆ ಕಾಲದಲ್ಲಿ ಅಮೆರಿಕದ ಅನೇಕ ರಾಜ್ಯಗಳಲ್ಲಿ ಬಾಕ್ಸಿಂಗಿಗೆ ಅರ್ಧ ಅನುಮತಿ ಮಾತ್ರ. ಕಾದಾಡಬಹುದು, ಆದರೆ ಅಂಕಗಳ ಮೇಲೆ ಗೆದ್ದವರ ಹೆಸರು ಘೋಷಿಸುವಂತಿಲ್ಲ. ಜೂಜು ತಡೆಯಲು ಈ ಉಪಾಯ. ನಾಕೌಟ್ ಆಗದಿದ್ದರೆ ಪಂದ್ಯಕ್ಕೆ ತೀರ್ಪೇ ಇಲ್ಲ. ಮರುದಿನದ ಪತ್ರಿಕೆಯಲ್ಲಿ ವರದಿಗಾರ ಯಾರು ಮೇಲು ಎಂದು ಬರೆದನೋ ಅದೇ ಜನರ ಪಾಲಿಗೆ ಫಲಿತಾಂಶ. ಎರಡು ಪತ್ರಿಕೆ ಎರಡು ಥರ ಬರೆದರೆ ಇಬ್ಬರೂ ಗೆದ್ದ ಹಾಗೆ! ಇಂಥ ಪಂದ್ಯಗಳನ್ನು ಸೇರಿಸಿದರೆ ಗ್ರೆಬ್‌ನ ದಾಖಲೆ ಒಂದು, ಬಿಟ್ಟರೆ ಇನ್ನೊಂದು. ಒಂದು ಕಣ್ಣಿನ ದೃಷ್ಟಿ ಹೋದದ್ದನ್ನು ಮುಚ್ಚಿಟ್ಟು ವರ್ಷಗಟ್ಟಲೆ ಆಡಿದವನು ಗ್ರೆಬ್. ಮುಂದೆ ಹೆವಿವೇಟ್ ಚಾಂಪಿಯನ್ ಆದ ಜೀನ್ ಟನಿಗೆ ಇಡೀ ಬದುಕಿನಲ್ಲಿ ಸೋಲುಣಿಸಿದವನು ಇವನೊಬ್ಬನೇ, 1922ರಲ್ಲಿ. ಇಷ್ಟಾಗಿ ಗ್ರೆಬ್ ಆಡಿದ ಒಂದು ಪಂದ್ಯದ ಫಿಲ್ಮೂ ಇಂದು ಉಳಿದಿಲ್ಲ. ಅಭ್ಯಾಸದ ತುಣುಕೊಂದಿದೆ, ಅಷ್ಟೇ. ಆದರೂ ತಜ್ಞರ ಪಟ್ಟಿಗಳಲ್ಲಿ ಅವನು ಮೊದಲ ಹತ್ತರಲ್ಲಿ ಬರುತ್ತಾನೆ. ಕಂಡವರು ಹೇಳಿದ ಮಾತಿನ ಮೇಲೆ ನಿಂತ ಸ್ಥಾನ ಅದು.

ಪಟ್ಟಗಳ ಎಣಿಕೆಯೂ ಹೀಗೇ. 1937ರ ಅಕ್ಟೋಬರಿನಿಂದ 1938ರ ಆಗಸ್ಟಿನೊಳಗೆ ಹೆನ್ರಿ ಆರ್ಮ್‌ಸ್ಟ್ರಾಂಗ್ ಫೆದರ್‌ವೇಟ್, ವೆಲ್ಟರ್‌ವೇಟ್, ಲೈಟ್‌ವೇಟ್ ಮೂರೂ ಪಟ್ಟಗಳನ್ನು ಗೆದ್ದು ಒಟ್ಟಿಗೆ ಇಟ್ಟುಕೊಂಡ. ಆಗ ಇದ್ದ ತೂಕದ ವರ್ಗಗಳೇ ಎಂಟು. ಇಂದು ಹದಿನೇಳು ವರ್ಗ, ನಾಲ್ಕು ದೊಡ್ಡ ಸಂಸ್ಥೆಗಳು. ಲೆಕ್ಕ ಹಾಕಿದರೆ ಅರವತ್ತೆಂಟು ಪಟ್ಟ. ಇಂದಿನವನೊಬ್ಬ ನಾಲ್ಕು ವರ್ಗಗಳಲ್ಲಿ ಗೆದ್ದನೆಂದರೆ ಆರ್ಮ್‌ಸ್ಟ್ರಾಂಗನಿಗಿಂತ ಒಂದು ಮೆಟ್ಟಿಲು ಮೇಲೆ ಎಂದು ಶೀಟು ಹೇಳುತ್ತದೆ. ಆದರೆ ಮೆಟ್ಟಿಲುಗಳ ಎತ್ತರ ಒಂದೇ ಅಲ್ಲ.

ಅಂಕಿಗಳು ಸಾಲದಾದಾಗ ತಜ್ಞರ ಕಡೆ ತಿರುಗುವುದು ಸಹಜ. 1922ರಲ್ಲಿ 'ದ ರಿಂಗ್' ಪತ್ರಿಕೆ ಸ್ಥಾಪಿಸಿದ ನ್ಯಾಟ್ ಫ್ಲೈಶರ್ ಅರ್ಧ ಶತಮಾನ ರಿಂಗಿನ ಪಕ್ಕ ಕೂತು ನೋಡಿದವರು. ಹೆವಿವೇಟ್‌ಗಳಲ್ಲಿ ಅವರ ಮೊದಲ ಆಯ್ಕೆ ಜಾಕ್ ಜಾನ್ಸನ್, ಎರಡನೆಯವನು ಜಿಮ್ ಜೆಫ್ರೀಸ್. ಮಾರ್ಸಿಯಾನೊಗೆ ಹತ್ತನೇ ಸ್ಥಾನ. 1972ರಲ್ಲಿ ಫ್ಲೈಶರ್ ತೀರಿಕೊಂಡಾಗ ಅವರ ಮೊದಲ ಹತ್ತರಲ್ಲಿ ಅಲಿಗೆ ಜಾಗವಿರಲಿಲ್ಲ! ಅದೇ 'ದ ರಿಂಗ್' 2002ರಲ್ಲಿ, ಕಳೆದ ಎಂಬತ್ತು ವರ್ಷಗಳ ಎಂಬತ್ತು ಮಂದಿಯನ್ನು ಸಾಲಿಗಿಟ್ಟಾಗ ಅಲಿ ಮೂರನೆಯವನಾದ. 2006ರಲ್ಲಿ ಬರ್ಟ್ ಶುಗರ್ ಎಂಬ ಹೆಸರಾಂತ ಬಾಕ್ಸಿಂಗ್ ಬರಹಗಾರರು ತಮ್ಮ ಪುಸ್ತಕದಲ್ಲಿ ಅವನಿಗೆ ಏಳನೇ ಸ್ಥಾನ ಕೊಟ್ಟರು. ಮರುವರ್ಷ ಇಎಸ್‌ಪಿಎನ್ ಎರಡನೇ ಸ್ಥಾನ ಕೊಟ್ಟಿತು. ಅಲಿ ಆಡಿದ ಪಂದ್ಯಗಳು ಅವೇ. ನೋಡುವವರ ಕಣ್ಣು ಬೇರೆ. ಈ ಮೂರೂ ಪಟ್ಟಿಗಳಲ್ಲಿ ಕದಲದೆ ನಿಂತ ಹೆಸರು ಒಂದೇ, ಮೊದಲ ಸ್ಥಾನದ ಶುಗರ್ ರೇ ರಾಬಿನ್‌ಸನ್. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅದಕ್ಕೆ ಮುಂಚೆ ಫ್ಲೈಶರರ ಮೊದಲ ಎರಡು ಹೆಸರುಗಳನ್ನು ನೋಡಬೇಕು. ಜಾನ್ಸನ್ ಮತ್ತು ಜೆಫ್ರೀಸ್. ಈ ಎರಡು ಹೆಸರುಗಳ ನಡುವೆಯೇ ಬಾಕ್ಸಿಂಗ್ ಚರಿತ್ರೆಯ ದೊಡ್ಡ ಗೆರೆಯೊಂದು ಹಾದುಹೋಗುತ್ತದೆ. ಅಮೆರಿಕದಲ್ಲಿ ಅದನ್ನು ಬಣ್ಣದ ಗೆರೆ ಎನ್ನುತ್ತಿದ್ದರು.

ಗೆರೆ ಎಳೆದವರಲ್ಲಿ ಮೊದಲಿಗ ಜಾನ್ ಎಲ್. ಸಲಿವನ್. ಹೆವಿವೇಟ್ ಚಾಂಪಿಯನ್ ಆಗಿದ್ದ ಅವನು, ಕಪ್ಪು ಜನಾಂಗದವರ ಜೊತೆ ಕಾದಾಡುವುದಿಲ್ಲ ಎಂದು ಬಹಿರಂಗವಾಗಿ ಸಾರಿದ. ಆ ಮಾತಿನಿಂದ ಹೊರಗುಳಿದವನು ಪೀಟರ್ ಜಾಕ್ಸನ್. ಕೆರಿಬಿಯನ್ ದ್ವೀಪದಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಬೆಳೆದ ಜಾಕ್ಸನ್ 1891ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಿಮ್ ಕಾರ್ಬೆಟ್ ಜೊತೆ 61 ಸುತ್ತು ಕಾದಾಡಿದ. ಇಬ್ಬರೂ ಬಸವಳಿದು ಪಂದ್ಯ ಫಲಿತಾಂಶವಿಲ್ಲದೆ ಮುಗಿಯಿತು. ಮರುವರ್ಷ ಸಲಿವನ್‌ನನ್ನು ಸೋಲಿಸಿ ಪಟ್ಟ ಕಟ್ಟಿಕೊಳ್ಳುವ ಅವಕಾಶ ಕಾರ್ಬೆಟ್‌ಗೆ ಸಿಕ್ಕಿತು. ಜಾಕ್ಸನ್‌ಗೆ ಎಂದೂ ಸಿಗಲಿಲ್ಲ. ಕಡಿಮೆ ತೂಕದ ವರ್ಗಗಳಲ್ಲಿ ಜಾರ್ಜ್ ಡಿಕ್ಸನ್, ಜೋ ಗ್ಯಾನ್ಸ್ ಮುಂತಾದ ಕಪ್ಪು ಚಾಂಪಿಯನ್ನರಿದ್ದರು. ಆದರೆ ಹೆವಿವೇಟ್ ಚಾಂಪಿಯನ್ ಎಂದರೆ ಜಗತ್ತಿನ ಅತಿ ಬಲಶಾಲಿ ಗಂಡಸು ಎಂಬ ಭಾವನೆ. ಆ ಜಾಗ ಬಿಳಿಯರ ಕೈ ತಪ್ಪಬಾರದು.

ಜೆಫ್ರೀಸ್ ಪಟ್ಟಕ್ಕೆ ಬರುವ ಮುಂಚೆ ಕಪ್ಪು ಬಾಕ್ಸರರೊಂದಿಗೆ ಆಡಿದ್ದುಂಟು. ಪಟ್ಟ ಬಂದ ಮೇಲೆ ಅವರ ಸವಾಲನ್ನು ಒಪ್ಪಲಿಲ್ಲ. 1905ರಲ್ಲಿ ಸೋಲಿಲ್ಲದೆ ನಿವೃತ್ತನಾದ. ಜಾಕ್ ಜಾನ್ಸನ್ ಮುಂದೆ ಚಾಂಪಿಯನ್ ಆದ ಟಾಮಿ ಬರ್ನ್ಸ್‌ನನ್ನು ಬೆನ್ನಟ್ಟಿ ಹೋಗಿ, 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಸೋಲಿಸಿ, ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ ಆದ. ಬಿಳಿಯರ ಮಾನ ಉಳಿಸಲು ಜೆಫ್ರೀಸ್‌ನನ್ನು ತೋಟದಿಂದ ಎಬ್ಬಿಸಿ ಕರೆತಂದರು. 1910ರ ಜುಲೈ 4ರಂದು ರೀನೋದಲ್ಲಿ ಜಾನ್ಸನ್ ಅವನನ್ನು ಹದಿನೈದನೇ ಸುತ್ತಿನಲ್ಲಿ ಮುಗಿಸಿದ. ಆ ಸುದ್ದಿ ಹರಡಿದ ರಾತ್ರಿ ಅಮೆರಿಕದ ಹಲವು ಊರುಗಳಲ್ಲಿ ಗಲಭೆಯೆದ್ದು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಕಪ್ಪು ಜನ. ಪಂದ್ಯದ ಫಿಲ್ಮನ್ನು ಅನೇಕ ಕಡೆ ನಿಷೇಧಿಸಿದರು. 1912ರಲ್ಲಿ ಬಾಕ್ಸಿಂಗ್ ಫಿಲ್ಮುಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಬಾರದೆಂದು ಕಾನೂನೇ ಬಂತು.

ಈಗ ಮತ್ತೆ ವೊರೋನರನ ಯಂತ್ರದ ತೀರ್ಪು ನೆನಪಿಸಿಕೊಳ್ಳಿ. ಅಲಿ ಸೋತದ್ದು ಯಾರಿಗೆ? ಚಾಂಪಿಯನ್ ಆಗಿದ್ದಾಗ ಕಪ್ಪು ಸವಾಲುಗಾರರಿಗೆ ಬಾಗಿಲು ಹಾಕಿದ್ದ ಜೆಫ್ರೀಸ್‌ಗೆ. ಅಲಿಯ ಸಿಟ್ಟಿನಲ್ಲಿ ಬರೀ ಜಂಬ ಇತ್ತು ಎನ್ನುವವರು ಈ ಮಾತನ್ನು ಗಮನಿಸಬೇಕು.

ಜಾನ್ಸನ್ ಕತೆಗೆ ಇನ್ನೊಂದು ಮಗ್ಗುಲಿದೆ, ಅದು ಅಷ್ಟು ಸುಖದ್ದಲ್ಲ. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಹುಟ್ಟಿದ ಸ್ಯಾಮ್ ಲ್ಯಾಂಗ್‌ಫರ್ಡ್ ಐದೂವರೆ ಅಡಿಗಿಂತ ತುಸು ಎತ್ತರದ ಆಳು. ಲೈಟ್‌ವೇಟ್‌ನಿಂದ ಹೆವಿವೇಟ್‌ವರೆಗೆ ಎಲ್ಲರೊಂದಿಗೂ ಆಡಿದವನು. 1906ರಲ್ಲಿ ಜಾನ್ಸನ್ ಅವನನ್ನು 15 ಸುತ್ತುಗಳಲ್ಲಿ ಅಂಕಗಳ ಮೇಲೆ ಸೋಲಿಸಿದ್ದ. ಆಗ ಲ್ಯಾಂಗ್‌ಫರ್ಡ್ ಇನ್ನೂ ಎಳೆಯ, ತೂಕವೂ ಬಹಳ ಕಡಿಮೆ. ಲ್ಯಾಂಗ್‌ಫರ್ಡ್ ಬಲಿತ ಮೇಲೆ, ಚಾಂಪಿಯನ್ ಜಾನ್ಸನ್ ಅವನಿಗೆ ಮತ್ತೊಂದು ಅವಕಾಶ ಕೊಡಲೇ ಇಲ್ಲ. ಬಿಳಿಯ ಸವಾಲುಗಾರರ ಜೊತೆ ಆಡಿದರೆ ದುಡ್ಡು ಹೆಚ್ಚು, ಅಪಾಯ ಕಡಿಮೆ. ಗೆರೆ ದಾಟಿ ಒಳಬಂದವನೇ ಹಿಂದಿನಿಂದ ಬಾಗಿಲು ಹಾಕಿಕೊಂಡ ಹಾಗಾಯಿತು. 1915ರಲ್ಲಿ ಹವಾನಾದಲ್ಲಿ ಜಾನ್ಸನ್ ಜೆಸ್ ವಿಲಾರ್ಡ್‌ಗೆ ಸೋತ ಮೇಲಂತೂ ಆ ಬಾಗಿಲಿಗೆ ಬೀಗವೇ ಬಿತ್ತು. 1920ರ ದಶಕದಲ್ಲಿ ಹ್ಯಾರಿ ವಿಲ್ಸ್ ಮುಂಚೂಣಿಯ ಸವಾಲುಗಾರನೆಂದು ನ್ಯೂಯಾರ್ಕಿನ ಬಾಕ್ಸಿಂಗ್ ಆಯೋಗವೇ ಒಪ್ಪಿತ್ತು. ಡೆಂಪ್ಸಿ ಅವನೊಡನೆ ಆಡಲೇಬೇಕೆಂದು ಪಟ್ಟು ಹಿಡಿದಿತ್ತು. 1926ರಲ್ಲಿ ಪಂದ್ಯವನ್ನು ಫಿಲಡೆಲ್ಫಿಯಾಕ್ಕೆ ಸಾಗಿಸಿ ಡೆಂಪ್ಸಿ ಟನಿ ಜೊತೆ ಆಡಿದ. ವಿಲ್ಸ್ ಜೊತೆ ಆಡಲೇ ಇಲ್ಲ. 1937ರ ಜೂನ್ 22ರಂದು ಜೋ ಲೂಯಿಸ್ ಗೆಲ್ಲುವವರೆಗೆ, ಇಪ್ಪತ್ತೆರಡು ವರ್ಷ, ಒಬ್ಬನೇ ಒಬ್ಬ ಕಪ್ಪು ಬಾಕ್ಸರನಿಗೂ ಹೆವಿವೇಟ್ ಪಟ್ಟಕ್ಕೆ ಆಡುವ ಅವಕಾಶ ಸಿಗಲಿಲ್ಲ.

ಪಟ್ಟ ಸಿಗದವರು ಏನು ಮಾಡಿದರು? ಒಬ್ಬರೊಡನೊಬ್ಬರು ಆಡಿದರು. ಲ್ಯಾಂಗ್‌ಫರ್ಡ್ ಮತ್ತು ವಿಲ್ಸ್ ಇಬ್ಬರೇ ಹದಿನೈದಕ್ಕೂ ಹೆಚ್ಚು ಸಲ ಎದುರಾದರು. ಹೊಟ್ಟೆಪಾಡು. 1917ರ ಹೊತ್ತಿಗೆ ಲ್ಯಾಂಗ್‌ಫರ್ಡ್‌ನ ಕಣ್ಣು ಕೆಡತೊಡಗಿತ್ತು. ಎದುರಾಳಿಯನ್ನು ಸರಿಯಾಗಿ ಕಾಣದೆ, ಮೈ ತಾಗಿಸಿ ಅಂದಾಜು ಮಾಡಿ ಹೊಡೆಯುತ್ತ, ಇನ್ನೂ ಒಂಬತ್ತು ವರ್ಷ ಆಡಿದ. 1944ರಲ್ಲಿ 'ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್' ಪತ್ರಿಕೆಯ ಆಲ್ ಲೇನಿ ಅವನನ್ನು ಹುಡುಕಿಕೊಂಡು ಹಾರ್ಲೆಮ್‌ಗೆ ಹೋದಾಗ, ಅವನು ಸತ್ತಿದ್ದಾನೆಂದು ಕೆಲವರು ಹೇಳಿದರು. ಕೊನೆಗೆ ಒಂದು ಕತ್ತಲು ಕೋಣೆಯಲ್ಲಿ ಸಿಕ್ಕಿದ. ಪೂರ್ತಿ ಕುರುಡ, ಕೈಯಲ್ಲಿ ಕಾಸಿಲ್ಲ. ಲೇನಿ ಬರೆದದ್ದನ್ನು ಓದಿ ಜನ ಹಣ ಕೂಡಿಸಿ ಕೊಟ್ಟರು. 1956ರಲ್ಲಿ ತೀರಿಕೊಳ್ಳುವವರೆಗೆ ಅದು ಅವನಿಗೆ ಆಸರೆಯಾಯಿತು.

ವೊರೋನರನ ಹದಿನಾರರಲ್ಲಿ ಲ್ಯಾಂಗ್‌ಫರ್ಡ್ ಇರಲಿಲ್ಲ. ಇರುವಂತೆಯೂ ಇರಲಿಲ್ಲ, ಏಕೆಂದರೆ ಅದು ಚಾಂಪಿಯನ್ನರ ಟೂರ್ನಮೆಂಟ್. ಪಟ್ಟವಿದ್ದವರಿಗೆ ಮಾತ್ರ ಪ್ರವೇಶ ಎಂಬ ನಿಯಮ ಕೇಳಲು ಎಷ್ಟು ನ್ಯಾಯವಾಗಿದೆ! ಬಣ್ಣದ ಗೆರೆ ಎಳೆದವರೆಲ್ಲ ಸತ್ತು ಎಷ್ಟೋ ಕಾಲವಾದ ಮೇಲೂ, ಯಾವ ದ್ವೇಷವೂ ಇಲ್ಲದ ಯಂತ್ರವೊಂದು ಅದೇ ಗೆರೆಯನ್ನು ಮತ್ತೆ ಎಳೆಯಿತು. ಬೇವು ಬಿತ್ತಿ ಮಾವು ಬೆಳೆಯಲಾದೀತೇ?

ಇನ್ನು ರಾಬಿನ್‌ಸನ್. 'ತೂಕಕ್ಕೆ ತೂಕ' ಯಾರು ಮೇಲು ಎಂಬ ಮಾತು ಅವನಿಗಿಂತ ಮುಂಚೆಯೂ ಬಳಕೆಯಲ್ಲಿತ್ತು. ಆದರೆ ಆ ಮಾತು ಜನರ ಬಾಯಲ್ಲಿ ನೆಲೆ ನಿಂತದ್ದು ಅವನಿಂದ. ಹೆವಿವೇಟ್‌ನವನು ವೆಲ್ಟರ್‌ವೇಟ್‌ನವನನ್ನು ಹೊಡೆದು ಬೀಳಿಸಬಲ್ಲ, ಅದರಲ್ಲೇನಿದೆ? ಇಬ್ಬರ ತೂಕವೂ ಒಂದೇ ಎಂದುಕೊಂಡರೆ ಯಾರ ಕೈಚಳಕ ಹೆಚ್ಚು ಎಂಬುದು ಪ್ರಶ್ನೆ. ರಾಬಿನ್‌ಸನ್ ತನ್ನ ಮೊದಲ 40 ವೃತ್ತಿಪರ ಪಂದ್ಯ ಗೆದ್ದು, 1943ರ ಫೆಬ್ರವರಿ 5ರಂದು ತನಗಿಂತ ಭಾರದ ಜೇಕ್ ಲಮೋಟಾನಿಗೆ ಸೋತ. ಮೂರೇ ವಾರದಲ್ಲಿ ಅವನನ್ನೇ ಕರೆದು ಸೋಲಿಸಿದ. ಆಮೇಲೆ 1951ರ ಜುಲೈನಲ್ಲಿ ಲಂಡನ್ನಿನಲ್ಲಿ ರ್‍ಯಾಂಡಿ ಟರ್ಪಿನ್ ಕೈಲಿ ಸೋಲುವವರೆಗೆ ಎಂಟು ವರ್ಷ, ತೊಂಬತ್ತೊಂದು ಪಂದ್ಯ, ಸೋಲೇ ಇಲ್ಲ. 1952ರ ಜೂನ್‌ನಲ್ಲಿ ತನಗಿಂತ ಏಳು ಕಿಲೋ ಹೆಚ್ಚಿದ್ದ ಲೈಟ್ ಹೆವಿವೇಟ್ ಚಾಂಪಿಯನ್ ಜೋಯಿ ಮ್ಯಾಕ್ಸಿಮ್ ಮೇಲೆ ಯಾಂಕೀ ಸ್ಟೇಡಿಯಂನಲ್ಲಿ ಆಡಿದ. ಅಂದಿನ ಸೆಕೆ ಎಂಥದೆಂದರೆ ಹತ್ತನೇ ಸುತ್ತಾದ ಮೇಲೆ ರೆಫ್ರಿಯೇ ಕುಸಿದು ಬೇರೊಬ್ಬರನ್ನು ಕರೆಸಬೇಕಾಯಿತು. ಅಂಕಗಳಲ್ಲಿ ಮುಂದಿದ್ದ ರಾಬಿನ್‌ಸನ್ ಹದಿನಾಲ್ಕನೇ ಸುತ್ತಿಗೆ ಸ್ಟೂಲಿನಿಂದ ಏಳಲಾರದೆ ಸೋತ. ಶೀಟಿನಲ್ಲಿ ಅದು 'ಸೋಲು 1'. ಅವನ ಒಟ್ಟು 19 ಸೋಲುಗಳಲ್ಲಿ ಹದಿನಾರು ಆದದ್ದು, 1952ರ ಕೊನೆಗೆ ನಿವೃತ್ತನಾಗಿ 1955ರಲ್ಲಿ ಮರಳಿದ ಮೇಲೆ. 44ನೇ ವಯಸ್ಸಿನವರೆಗೂ ದುಡ್ಡಿಗಾಗಿ ಆಡಿದವನ ಸರಾಸರಿ ತೆಗೆದು, 32ಕ್ಕೇ ನಿಲ್ಲಿಸಿದ ಮಾರ್ಸಿಯಾನೊನ ಸರಾಸರಿಯ ಪಕ್ಕದಲ್ಲಿಟ್ಟರೆ ಏನು ತಿಳಿದೀತು?

ಹಾಗಾದರೆ ರಾಬಿನ್‌ಸನ್ನೇ ಮೊದಲಿಗ, ಚರ್ಚೆ ಮುಗಿಯಿತೆ? ಅವನ ಲೆಕ್ಕದಲ್ಲೂ ಖಾಲಿ ಜಾಗವಿದೆ. ರಿಂಗಿನ ಹಿಂದಿದ್ದ ರೌಡಿ ಗುಂಪುಗಳ ಮಾತಿಗೆ ಮಣಿಯದ್ದರಿಂದ ಅವನಿಗೇ ಮೊದಲ ಪಟ್ಟದ ಅವಕಾಶ ಸಿಕ್ಕಿದ್ದು 1946ರ ಡಿಸೆಂಬರಿನಲ್ಲಿ, ಎಪ್ಪತ್ತಕ್ಕೂ ಹೆಚ್ಚು ಪಂದ್ಯ ಗೆದ್ದ ಮೇಲೆ. ಅದೇ ಕಾಲದಲ್ಲಿ ಅವಕಾಶವೇ ಸಿಗದವರ ದೊಡ್ಡ ಗುಂಪೊಂದಿತ್ತು, ಎಲ್ಲರೂ ಕಪ್ಪು ಬಾಕ್ಸರರು. ಅವರಲ್ಲಿ ಪಿಟ್ಸ್‌ಬರ್ಗಿನ ಚಾರ್ಲಿ ಬರ್ಲಿ ಒಬ್ಬ. ಮುಂದೆ ವೆಲ್ಟರ್‌ವೇಟ್ ಚಾಂಪಿಯನ್ ಆದ ಫ್ರಿಟ್ಜಿ ಜಿವಿಕ್‌ನನ್ನು ಎರಡು ಸಲ ಸೋಲಿಸಿದ್ದ. 1944ರಲ್ಲಿ ಆರ್ಚಿ ಮೂರನನ್ನು ಸೋಲಿಸಿದ. ಹನ್ನೊಂದು ವರ್ಷದ ಮೇಲೆ ಮಾರ್ಸಿಯಾನೊನನ್ನು ನೆಲಕ್ಕೆ ಕೆಡವಿ, ಆಮೇಲೆ ಸೋತ ಅದೇ ಮೂರ್. ತಾನು ಎದುರಿಸಿದವರಲ್ಲೆಲ್ಲ ಬರ್ಲಿಯೇ ಅತ್ಯುತ್ತಮ ಎಂದು ಮೂರ್ ಕೊನೆಯವರೆಗೂ ಹೇಳುತ್ತಿದ್ದ. ಬರ್ಲಿ ಒಮ್ಮೆಯೂ ವಿಶ್ವಪಟ್ಟಕ್ಕೆ ಆಡಲಿಲ್ಲ. ರಾಬಿನ್‌ಸನ್ನನ ಜೊತೆಯೂ ಆಡಲಿಲ್ಲ. ರಿಂಗ್ ಬಿಟ್ಟ ಮೇಲೆ ಪಿಟ್ಸ್‌ಬರ್ಗ್ ನಗರದ ಕಸ ಎತ್ತುವ ಕೆಲಸ ಮಾಡಿ ಸಂಸಾರ ಸಾಕಿದ.

ಬಾಗಿಲು ಹಾಕಿದ್ದು ಬಣ್ಣವೊಂದೇ ಅಲ್ಲ. 1948, 1952, 1956 — ಮೂರು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಮೊದಲ ಬಾಕ್ಸರ್ ಹಂಗೆರಿಯ ಲಾಸ್ಲೋ ಪಾಪ್. ಮೂವತ್ತು ದಾಟಿದ ಮೇಲೆ ವೃತ್ತಿಪರನಾಗಿ ಯುರೋಪಿನ ಚಾಂಪಿಯನ್ ಆದ, ಒಂದೂ ಸೋಲಲಿಲ್ಲ. ವಿಶ್ವಪಟ್ಟದ ಪಂದ್ಯ ಕೈಗೆಟಕುವಷ್ಟು ಹತ್ತಿರ ಬಂದಾಗ ಅವನ ಸರ್ಕಾರ ದೇಶ ಬಿಟ್ಟು ಹೋಗಲು ಅನುಮತಿ ನಿರಾಕರಿಸಿತು. ಕ್ಯೂಬಾದ ಟಿಯೋಫಿಲೊ ಸ್ಟೀವನ್‌ಸನ್ 1972, 1976, 1980ರಲ್ಲಿ ಹೆವಿವೇಟ್ ಚಿನ್ನ ಗೆದ್ದ. ಅಲ್ಲಿ ಆಗ ವೃತ್ತಿಪರ ಕ್ರೀಡೆಯೇ ನಿಷಿದ್ಧವಾಗಿತ್ತು; ಅಲಿ ಮೇಲೆ ಆಡಲು ಬಂದ ಲಕ್ಷಾಂತರ ಡಾಲರುಗಳ ಆಮಿಷವನ್ನು ಅವನು ತಾನಾಗಿಯೇ ಬೇಡವೆಂದ. ಪಾಪ್‌ನನ್ನು ತಡೆದರು, ಸ್ಟೀವನ್‌ಸನ್ ತಾನೇ ನಿಂತ. ಪಟ್ಟಿ ಮಾಡುವವರಿಗೆ ಎರಡೂ ಒಂದೇ: ಇಬ್ಬರ ಹೆಸರೂ ಇಲ್ಲ.

ನಮ್ಮವಳನ್ನೇ ನೋಡಿ. ಮಣಿಪುರದ ಮೇರಿ ಕೋಮ್ ಆರು ಸಲ ವಿಶ್ವ ಚಾಂಪಿಯನ್. 2002ರಲ್ಲಿ ಮೊದಲನೆಯದು, 2018ರಲ್ಲಿ ಆರನೆಯದು. ಎಲ್ಲವೂ 45ರಿಂದ 48 ಕಿಲೋ ವರ್ಗಗಳಲ್ಲಿ. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಬಾಕ್ಸಿಂಗ್ ರಿಂಗು ತೆರೆದದ್ದೇ 2012ರ ಲಂಡನ್ನಿನಲ್ಲಿ. ಅಷ್ಟರಲ್ಲಿ ಅವಳಿಗೆ ಮೂವತ್ತರ ಹತ್ತಿರ ವಯಸ್ಸು, ಅವಳಿ ಮಕ್ಕಳ ತಾಯಿ. ತೆರೆದಾಗಲೂ ಇಟ್ಟದ್ದು ಮೂರೇ ತೂಕ, ಎಲ್ಲಕ್ಕಿಂತ ಕಡಿಮೆಯದು 51 ಕಿಲೋ. ತನ್ನದಲ್ಲದ ತೂಕಕ್ಕೆ ಏರಿ, ತನಗಿಂತ ದೊಡ್ಡ ಮೈಯವರೊಡನೆ ಆಡಿ ಕಂಚು ತಂದಳು. ಮುಂದೊಂದು ಕಾಲದ ಶೀಟಿನಲ್ಲಿ 'ಒಲಿಂಪಿಕ್ ಚಿನ್ನ: 0' ಎಂದಷ್ಟೇ ಬರುತ್ತದೆ.

ಹಾಗಾದರೆ ಪಟ್ಟಿ ಮಾಡುವುದೇ ತಪ್ಪೆ? ನಾನು ಹಾಗೆ ಹೇಳಲಾರೆ. ಪಟ್ಟಿಯ ಜಗಳವಿಲ್ಲದಿದ್ದರೆ ಲ್ಯಾಂಗ್‌ಫರ್ಡ್ ಹೆಸರು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಫ್ಲೈಶರ್ ಪಟ್ಟವಿಲ್ಲದ ಲ್ಯಾಂಗ್‌ಫರ್ಡ್‌ಗೆ ಹೆವಿವೇಟ್‌ಗಳಲ್ಲಿ ಏಳನೇ ಸ್ಥಾನ ಕೊಟ್ಟರು, ಮಾರ್ಸಿಯಾನೊಗಿಂತ ಮೂರು ಮೆಟ್ಟಿಲು ಮೇಲೆ. ಇಎಸ್‌ಪಿಎನ್ ಪಟ್ಟಿಯಲ್ಲಿ ಅವನಿಗೆ ಒಟ್ಟಾರೆ ಹತ್ತನೇ ಸ್ಥಾನ. ಯಂತ್ರ ಮಾಡದ ಕೆಲಸವನ್ನು ನೆನಪಿಟ್ಟುಕೊಂಡ ಮನುಷ್ಯರು ಮಾಡಿದರು. ಅಲಿಯನ್ನು ಹೊರಗಿಟ್ಟ ಫ್ಲೈಶರರೇ ಲ್ಯಾಂಗ್‌ಫರ್ಡ್‌ನನ್ನು ಒಳಗೆ ಕರೆತಂದರು. ತಜ್ಞರ ಕಣ್ಣಿಗೆ ಪೊರೆ ಇರಬಹುದು. ಆದರೆ ಪೊರೆ ಇದೆಯೆಂದು ಜಗಳವಾಡಿ ತೋರಿಸಲಾದರೂ ಬರುತ್ತದೆ. ಫಾರ್ಮುಲಾದೊಳಗೆ ಅಡಗಿ ಕೂತದ್ದನ್ನು ತೋರಿಸುವುದು ಕಷ್ಟ.

ನಮ್ಮ ಕೆಲಸದ ಜಾಗಗಳಲ್ಲಿ ವರ್ಷಕ್ಕೊಮ್ಮೆ ರೇಟಿಂಗ್ ಬರುತ್ತದಲ್ಲ, ಅದನ್ನು ಕೈಯಲ್ಲಿ ಹಿಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾರಿಗೆ ದೊಡ್ಡ ಪ್ರಾಜೆಕ್ಟ್ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದು ಆ ಕಾಗದದಲ್ಲಿ ಇರುವುದಿಲ್ಲ.

ಅಂದು ರಾತ್ರಿ ಇಷ್ಟನ್ನೂ ಇಷ್ಟು ಸಾವಕಾಶವಾಗಿ ನಾನು ಹೇಳಲಿಲ್ಲ. ಅರ್ಧ ಹೇಳುವಷ್ಟರಲ್ಲಿ ಊಟ ಆರಿತ್ತು. ಧಾರವಾಡದವನು ಮಾತ್ರ ಕೊನೆಯವರೆಗೆ ಕೇಳಿಸಿಕೊಂಡ. ಆಮೇಲೆ ಶೀಟಿನ ತುದಿಗೆ ಹೊಸ ಕಾಲಮ್ ಒಂದನ್ನು ಸೇರಿಸಿ, 'ಸಿಗದ ಪಂದ್ಯ' ಎಂದು ಹೆಸರಿಟ್ಟ.

"ಇದಕ್ಕ ಏನ್ ನಂಬರ್ ಹಾಕ್ಲೋ?" ಎಂದು ಕೇಳಿದ.

"ನಂಬರ್ ಬೇಡ ಮಾರಾಯಾ, ಹೆಸರು ಹಾಕು," ಎಂದೆ.

ಜಾನ್ಸನ್ ಮುಂದೆ ಲ್ಯಾಂಗ್‌ಫರ್ಡ್ ಎಂದು ಬರೆದ. ಡೆಂಪ್ಸಿ ಮುಂದೆ ವಿಲ್ಸ್. ರಾಬಿನ್‌ಸನ್ ಮುಂದೆ ಬರ್ಲಿ. ಅಲಿ ಮುಂದೆ ಸ್ವಲ್ಪ ಯೋಚಿಸಿ, ಹೆಸರು ಬಿಟ್ಟು '1967–70' ಎಂದು ಹಾಕಿದ. ಆಮೇಲೆ ಗೆಲುವು-ಸೋಲುಗಳ ಫಾರ್ಮುಲಾ ಅಳಿಸಿ, ರಾಬಿನ್‌ಸನ್ನನನ್ನು ತಾನೇ ಮೇಲಿನ ಸಾಲಿಗೆ ಎಳೆದಿಟ್ಟ. ನನ್ನ ಮೊದಲ ಹೆಸರೂ ಅದೇ. ಆದರೆ ಪಕ್ಕದ ಕಾಲಮ್ಮಿನಲ್ಲಿ ಬರ್ಲಿಯ ಹೆಸರಿದ್ದರೆ ಮಾತ್ರ.

"ಮತ್ತ ನನ್ನ ಮಾರ್ಸಿಯಾನೊ ಎಲ್ಲಿ ಹೋಗ್ತಾನೋ?" ಎಂದ ಅವನು ತುಸು ಬೇಸರದಿಂದ. ಅದಕ್ಕೆ ಮೈಸೂರಿನವನು ಏನೋ ಅಂದ. ಜಗಳ ಮತ್ತೆ ಶುರುವಾಯಿತು.